ಭಾವನ ಮೂಗಿನ ಪ್ರವಾಸ

ನನ್ನ ವ್ಯಾನಿನಲ್ಲಿ ಕೂತವರೆಲ್ಲ ಕುಡಿಯುತ್ತಾರೆ, ಒಬ್ಬನನ್ನು ಬಿಟ್ಟು. ಆ ಒಬ್ಬ ನಾನು. ರಜೆಯ ದಿನಗಳಲ್ಲಿ ಜನರನ್ನು ತುಂಬಿಕೊಂಡು, ಊರಾಚೆಯ ಗುಡ್ಡಗಳಲ್ಲಿರುವ, ಬಿಯರು ತಯಾರಿಸುವ ಸಣ್ಣ ಬ್ರೂವರಿ, ಮದ್ಯದ ಭಟ್ಟಿ, ಸೇಬಿನ ರಸವನ್ನು ಹುದುಗಿಸಿ ಸೈಡರ್ ಮಾಡುವ ತೋಟ, ಹೀಗೆ ಒಂದೊಂದು ಕಡೆಯೂ ನಿಲ್ಲಿಸಿ, ಗುಟುಕು ಗುಟುಕಾಗಿ ರುಚಿ ತೋರಿಸಿ, ಸಂಜೆಗೆ ಅವರವರ ಮನೆ ಬಾಗಿಲಿಗೆ ಮುಟ್ಟಿಸುವುದು ನನ್ನ ಉದ್ಯೋಗ. ಇಷ್ಟು ವರ್ಷಗಳಲ್ಲಿ ಒಂದು ಹನಿ ಮುಟ್ಟಿದವನಲ್ಲ. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ನಾನೇ ಹೇಳಿಕೊಳ್ಳುತ್ತೇನೆ, ಏಕೆಂದರೆ ನನ್ನ ಪರವಾಗಿ ಹೇಳುವವರು ಬೇರೆ ಯಾರೂ ಇಲ್ಲ.

ಈಗ ಹೇಳಹೊರಟಿರುವುದು ನನ್ನ ಭಾವನ ವಿಷಯ. ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಅವರದೊಂದು ಚಪ್ಪಲಿ ಅಂಗಡಿ ಇದೆ. ಗಿರಾಕಿ ಬಂದರೆ ಮೊದಲು ಅವರ ಕಾಲಿಗೆ ನಮಸ್ಕಾರ ಮಾಡುವವರಂತೆ ಬಗ್ಗಿ, ಆಮೇಲೆ ನಿಧಾನವಾಗಿ ಮುಖ ನೋಡುವುದು ಅವರ ಅಭ್ಯಾಸ. ಅರ್ಧ ಊರನ್ನು ಅವರು ಪಾದದಿಂದ ಗುರುತಿಸುತ್ತಾರೆ, ಇನ್ನರ್ಧವನ್ನು ಗುರುತಿಸುವುದೇ ಇಲ್ಲ.

ಹೋದ ವರ್ಷ ಅವರಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಮುಖದ ಮೇಲೆ ಇದ್ದಲ್ಲೇ ಇತ್ತು, ಆದರೆ ಅದಕ್ಕೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ವಾಸನೆಯ ಹಿಂದೆಯೇ ರುಚಿಯೂ ಹೊರಟುಹೋಯಿತು. ಚಪ್ಪಲಿ ವ್ಯಾಪಾರದವನಿಗೆ ಇದಕ್ಕಿಂತ ದೊಡ್ಡ ವರ ಬೇಕೇ ಎಂದು ನಾನು ತಮಾಷೆ ಮಾಡಿದೆ. ಭಾವ ನಗಲಿಲ್ಲ.

"ನಿಮ್ಮಕ್ಕಂಗೆ ಹೇಳ್ಬೇಡ ಕಣಯ್ಯ," ಎಂದರು, ಕೈಯಲ್ಲಿದ್ದ ಶೂ ಒಂದನ್ನು ಸುಮ್ಮನೆ ಒರೆಸುತ್ತಾ. "ಅವಳು ಬಡಿಸಿ, ಹೇಗಿದೆ ಅಂತ ನಿಂತ್ಕೊಂಡು ಕೇಳ್ತಾಳೆ. ಮದುವೆಯಾದಾಗಿಂದ ಕೇಳ್ತಿದಾಳೆ. ಉಪ್ಪು ಕಮ್ಮಿ ಇದ್ರೆ ಕಮ್ಮಿ ಅಂದಿದೀನಿ, ಚೆನ್ನಾಗಿದ್ರೆ ಚೆನ್ನಾಗಿದೆ ಅಂದಿದೀನಿ. ಈಗ ನಂಗೇನೂ ಗೊತ್ತಾಗಲ್ಲ ಅಂದ್ರೆ ಯಾರಿಗೋಸ್ಕರ ಮಾಡ್ತಾಳೆ ಹೇಳು?"

"ಈಗೇನಂತೀರಿ ಮತ್ತೆ?"

"ಫಸ್ಟ್ ಕ್ಲಾಸ್ ಅಂತೀನಿ."

"ದಿನಾನೂ?"

"ದಿನಾನೂ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಸುಳ್ಳು ಹೇಳುವ ಕಷ್ಟವಂತೂ ಬರಲಿಲ್ಲ, ಏಕೆಂದರೆ ಅಕ್ಕ ಏನೂ ಕೇಳಲಿಲ್ಲ. ಅಕ್ಕನ ಅಡುಗೆ ಮಾತ್ರ ಆ ವರ್ಷ ಯಾಕೋ ದಾರಿ ತಪ್ಪಿತ್ತು. ಸಾರಿನ ಮೇಲೆ ಹುರಿದ ಬ್ರೆಡ್ಡಿನ ಚೂರು, ಅನ್ನದ ಮೇಲೆ ಗರಿಗರಿ ಈರುಳ್ಳಿ, ಪಲ್ಯದೊಳಗೆ ಹುರಿಗಡಲೆ, ಬೇಯಿಸಲೇಬೇಕಾದ ತರಕಾರಿಗಳೆಲ್ಲ ಹಸಿಹಸಿ. ಆ ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ಜಲ್ಲಿಯ ಮೇಲೆ ಮೆರವಣಿಗೆ ಹೋದ ಸದ್ದು. ನನ್ನದೊಂದು ಹಲ್ಲು ಅಲ್ಲಾಡತೊಡಗಿ, ಅಲ್ಲಿಗೆ ಊಟಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹೀಗಿರುವಾಗ ಒಂದು ಭಾನುವಾರದ ಪ್ರವಾಸಕ್ಕೆ ಎರಡು ಸೀಟು ಖಾಲಿ ಉಳಿದವು. ಮಾತಿಗೆ ಅಕ್ಕನ ಮುಂದೆ ಅಂದೆ. ಜನ್ಮದಲ್ಲಿ ಬಿಯರಿನ ಬಾಟಲಿಯನ್ನು ಕೈಯಿಂದ ಮುಟ್ಟದ ನನ್ನ ಅಕ್ಕ ಥಟ್ಟನೆ, "ನಾವು ಬರ್ತೀವಿ," ಅಂದುಬಿಟ್ಟಳು.

"ನೀವಾ?"

"ಯಾಕೆ, ನಾವು ಮನುಷ್ಯರಲ್ವಾ?"

ಭಾವನ ಮುಖ ಹುಳ್ಳಗಾಯಿತು. ರುಚಿ ನೋಡಲೆಂದೇ ಹೋಗುವ ಪ್ರವಾಸಕ್ಕೆ ರುಚಿಯೇ ತಿಳಿಯದವನನ್ನು ಹೊರಡಿಸುವುದೆಂದರೆ! ಅವರು ನನ್ನನ್ನು ನೋಡಿದರು, ನಾನು ಗೋಡೆ ನೋಡಿದೆ. ಅಕ್ಕ ಆಗಲೇ ಅವರ ಮದುವೆಯ ಕೋಟನ್ನು ಬಿಸಿಲಿಗೆ ಹಾಕಲು ಹೋಗಿದ್ದಳು.

ಈ ಕೋಟೇ ಎಲ್ಲಕ್ಕೂ ಮೂಲ ಎಂಬುದು ನನ್ನ ಅಭಿಪ್ರಾಯ. ಉಳಿದ ಪ್ರಯಾಣಿಕರೆಲ್ಲ ಬಣ್ಣಬಣ್ಣದ ಟೀ ಶರ್ಟಿನಲ್ಲಿ ಬಂದಿದ್ದರೆ, ಭಾವ ಕಪ್ಪು ಕೋಟು ತೊಟ್ಟು, ಗುಂಡಿ ಹಾಕಲಾಗದ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಗಂಭೀರವಾಗಿ ಕೂತಿದ್ದರು. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಈ ಗುಡ್ಡಗಳ ಮದ್ಯ ತಯಾರಕರದೊಂದು ಸಂಘವಿದೆ. ವರ್ಷಕ್ಕೊಮ್ಮೆ ಪದಕ ಕೊಡುತ್ತದೆ. ಅದಕ್ಕೊಬ್ಬ ಪರೀಕ್ಷಕರು ಹೆಸರು, ಗುರುತು ಹೇಳದೆ, ಸಾಮಾನ್ಯ ಪ್ರವಾಸಿಗಳ ನಡುವೆ ಬಂದು, ರುಚಿ ನೋಡಿ, ಸದ್ದಿಲ್ಲದೆ ಹೊರಟುಹೋಗುತ್ತಾರೆ. ಅದು ಪರೀಕ್ಷಕರ ಕಾಲ. ಗುಡ್ಡದ ತುಂಬಾ ಎಲ್ಲರೂ ಬಂದವರ ಮುಖವನ್ನು ಅನುಮಾನದಿಂದ ನೋಡುತ್ತಿದ್ದರು.

ಮೊದಲು ಹೋದದ್ದು ಬ್ರೂವರಿಗೆ. ಹಳೆಯ ಬಸ್ ಡಿಪೋ ಒಂದನ್ನು ತೊಳೆದು, ಬಸ್ಸು ನಿಲ್ಲುತ್ತಿದ್ದ ಕಡೆ ಉಕ್ಕಿನ ದೊಡ್ಡ ದೊಡ್ಡ ಟ್ಯಾಂಕು ನಿಲ್ಲಿಸಿದ್ದರು. ಅದರ ಯಜಮಾನ ಎದೆಯವರೆಗೆ ಗಡ್ಡ ಬಿಟ್ಟ ಮನುಷ್ಯ. ಎಲ್ಲರ ಕೈಗೂ ಒಂದೊಂದು ಪುಟ್ಟ ಗ್ಲಾಸು ಕೊಟ್ಟು, "ನಮ್ಮ ವಿಶೇಷ ಇದು, ಕಿತ್ತಳೆ ಸಿಪ್ಪೆ ಹಾಕಿದ ಬಿಯರು. ಏನೇನು ಬರ್ತಿದೆ ಹೇಳಿ ನೋಡೋಣ," ಎಂದ.

ನಮ್ಮ ಜೊತೆಗೊಬ್ಬ ದಂತವೈದ್ಯರಿದ್ದರು. ಇಂಥ ಪ್ರವಾಸಗಳಿಗೆ ಒಬ್ಬರಾದರೂ ಹೀಗಿರುವವರು ಬಂದೇ ಬರುತ್ತಾರೆ. ಅವರು ಗ್ಲಾಸನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, "ಆಹಾ! ಕಿತ್ತಳೆ ಸಿಪ್ಪೆ ಎದ್ದು ಹೊಡೀತಿದೆ. ಅದರ ಹಿಂದೆ ಒದ್ದೆ ಕಲ್ಲು. ಅದರ ಹಿಂದೆ ಹಳೇ ಪುಸ್ತಕ," ಎಂದರು. ಅವರ ಹಿಂದೆ ಇದ್ದವರೆಲ್ಲ ಒದ್ದೆ ಕಲ್ಲನ್ನು ಹುಡುಕತೊಡಗಿದರು.

ಭಾವನ ಸರದಿ ಬಂತು. ಅವರು ಕಣ್ಣು ಮುಚ್ಚಿ, ಗ್ಲಾಸಿನೊಳಗೆ ಮೂಗನ್ನು ಆದಷ್ಟು ಇಳಿಸಿ, ಎದೆ ತುಂಬ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಪಕ್ಕದಲ್ಲಿ ಅಕ್ಕ ಗ್ಲಾಸು ಮುಟ್ಟದೆ ಗಂಡನ ಮುಖವನ್ನೇ ನೋಡುತ್ತಿದ್ದಳು. ಭಾವ ಒಂದು ಗುಟುಕು ಕುಡಿದು, ಬಹಳ ದುಃಖದಿಂದ ತಲೆಯಾಡಿಸಿದರು.

"ಏನೂ ಬರ್ತಾ ಇಲ್ಲ," ಎಂದರು. ಆಮೇಲೆ ತಮ್ಮ ಅಭ್ಯಾಸದಂತೆ ಕಣ್ಣು ಕೆಳಗಿಳಿಸಿ, ಯಜಮಾನನ ಬೂಟು ನೋಡಿ, "ಎಡಗಡೆ ಸವೆದಿದೆ," ಎಂದೂ ಸೇರಿಸಿದರು.

ಗಡ್ಡದೊಳಗೆ ಬೆವರಿಳಿಯುವುದು ಕಂಡಿತು. ಯಜಮಾನ ಭಾವನ ತೋಳು ಹಿಡಿದು ಟ್ಯಾಂಕಿನ ಹಿಂದಕ್ಕೆ ಕರೆದೊಯ್ದ. ಅಕ್ಕನೂ ನಾನೂ ಹಿಂದೆ ಹೋದೆವು.

"ಸರ್, ತಪ್ಪಾಯ್ತು. ಈ ಸಲ ಕಿತ್ತಳೆ ಸಿಪ್ಪೆ ಟೈಮಿಗೆ ಬರ್ಲಿಲ್ಲ. ಹಾಕೇ ಇಲ್ಲ ಸರ್. ಯಾರಿಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ."

"ಪರವಾಗಿಲ್ಲ ಬಿಡಪ್ಪ," ಎಂದರು ಭಾವ, ಏನೂ ಅರ್ಥವಾಗದೆ.

"ಮತ್ತೆ ಎಡಗಡೆ ಅಂದ್ರಲ್ಲ ಸರ್. ಎಡಗಡೆ ಟ್ಯಾಂಕಾ?"

"ಹಿಮ್ಮಡಿ. ಹೀಗೇ ಬಿಟ್ರೆ ಮುಂದೆ ಮಂಡಿ ನೋವು ಬರತ್ತೆ."

ಯಜಮಾನ ಈ ಮಾತಿನ ಗೂಢಾರ್ಥವನ್ನು ಯೋಚಿಸುತ್ತಾ ನಿಂತ. ನಾವು ವ್ಯಾನು ಹತ್ತುವಾಗ ಅವನು ಫೋನಿನಲ್ಲಿದ್ದ. ಕೇಳಿಸಿದ್ದು ಎರಡೇ ಮಾತು: "ಕಪ್ಪು ಕೋಟು" ಮತ್ತು "ರಾಕ್ಷಸ ಮೂಗು."

ನಾನು ವ್ಯಾನು ಎಷ್ಟೇ ಜೋರಾಗಿ ಓಡಿಸಿದರೂ ಫೋನಿಗಿಂತ ಮುಂದೆ ಹೋಗಲಾರೆ. ಗುಡ್ಡದ ತುದಿಯ ಭಟ್ಟಿ ತಲುಪುವಷ್ಟರಲ್ಲಿ ಅಂಗಳಕ್ಕೆ ನೀರು ಹೊಡೆದಿದ್ದರು, ಒಳಗೆ ತಾಮ್ರದ ಹಂಡೆಯನ್ನು ಮುಖ ಕಾಣುವಂತೆ ಉಜ್ಜಿದ್ದರು, ಅದರ ಮುಂದೆ ಒಂದೇ ಒಂದು ಕುರ್ಚಿ ಇತ್ತು. ಕುರ್ಚಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು, ಮಾವ ಮತ್ತು ಅಳಿಯ. ಭಟ್ಟಿ ಇಬ್ಬರದೂ, ಅಭಿಪ್ರಾಯ ಮಾತ್ರ ಬೇರೆ ಬೇರೆ. ಮದ್ಯವನ್ನು ಪೀಪಾಯಿಯಲ್ಲಿ ಇನ್ನಷ್ಟು ಕಾಲ ಬಿಡಬೇಕು ಅಂತ ಅಳಿಯ, ತೆಗೆದು ಮಾರಿಬಿಡಬೇಕು ಅಂತ ಮಾವ. ಇದೇ ವಿಷಯಕ್ಕೆ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟಿದ್ದಾರೆಂದು ಗುಡ್ಡದಲ್ಲೆಲ್ಲ ಗೊತ್ತು.

ಕೋಟಿನವರನ್ನು ಕುರ್ಚಿಯಲ್ಲಿ ಕೂರಿಸಿದರು. ಉಳಿದವರು ನಿಂತೇ ಇದ್ದರು. ದಂತವೈದ್ಯರಿಗೆ ಇದು ಸರಿಬರಲಿಲ್ಲ.

"ನನ್ನ ಅಂದಾಜಿನಲ್ಲಿ ಇದು ಏಳು ವರ್ಷದ್ದು," ಎಂದರು ಅವರು, ಯಾರೂ ಕೇಳದಿದ್ದರೂ.

"ಒಂದೂವರೆ," ಎಂದ ಅಳಿಯ.

ಭಾವ ಮೂಗನ್ನು ಗ್ಲಾಸಿಗೆ ಇಳಿಸಿದರು. ಆ ಮದ್ಯದ ಘಾಟಿಗೆ ಬಾಗಿಲಲ್ಲಿ ನಿಂತ ನನ್ನ ಕಣ್ಣಲ್ಲೇ ನೀರು. ಅವರು ಮಾತ್ರ ಮಲ್ಲಿಗೆ ಮೂಸುವವರ ಹಾಗೆ ನಿಶ್ಚಿಂತೆಯಿಂದ ಉಸಿರೆಳೆದು, ಗ್ಲಾಸಿನಲ್ಲಿದ್ದಷ್ಟನ್ನೂ ಒಂದೇ ಗುಕ್ಕಿಗೆ ನುಂಗಿದರು. ಮಾವ ಅಳಿಯ ಇಬ್ಬರೂ ಒಟ್ಟಿಗೆ "ಅಯ್ಯೋ" ಅಂದರು. ಬಹಳ ದಿನಗಳ ಮೇಲೆ ಅವರು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಭಾವನ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು. ಕುರ್ಚಿಯಿಂದ ಎದ್ದು ನಿಂತರು.

"ಉರೀತಿದೆ!" ಎಂದು ಕೂಗಿದರು. "ಗಂಟಲಲ್ಲಿ ಉರೀತಿದೆ ಕಣೇ! ಗೊತ್ತಾಗ್ತಿದೆ!"

ಅಕ್ಕ ಓಡಿಬಂದು ಅವರ ಕೈ ಹಿಡಿದಳು. "ವಾಸನೆ? ವಾಸನೆ ಏನು ಬಂತು? ರೀ, ಹೇಳ್ರೀ, ಏನಾದ್ರೂ ಬಂತಾ?"

ಭಾವ ತುಸು ಹೊತ್ತು ಬಾಯಿಯೊಳಗೇ ಹುಡುಕಿದರು. "ಇಲ್ಲ," ಎಂದರು. "ಉರಿ ಅಷ್ಟೇ."

ಅಕ್ಕನ ಮುಖ ಇಳಿದುಹೋಯಿತು. ಕಣ್ಣೆದುರೇ ನಡೆದರೂ ನನಗೆ ಅದರ ಅರ್ಥವಾಗಲಿಲ್ಲ. ಗಂಡ ಕುಡಿದು ಕೂಗಾಡಿದ್ದಕ್ಕೆ ನಾಚಿಕೆ ಇರಬೇಕು ಅಂದುಕೊಂಡೆ. ಪೆದ್ದತನದಲ್ಲಿ ನಾನು ಭಾವನಿಗೆ ತಕ್ಕ ಭಾಮೈದ.

ಅತ್ತ ಅಳಿಯ ಮಾವನ ಕಡೆ ತಿರುಗಿದ್ದ. "ಕೇಳಿಸ್ತಾ ಮಾವ? ಉರಿ ಅಷ್ಟೇ ಅಂತೆ! ವಾಸನೆ ಇನ್ನೂ ಕೂತಿಲ್ಲ. ನಾನು ಬಡ್ಕೊಂಡಿದ್ದು ಇದನ್ನೇ ಅಲ್ವಾ?"

ಭಾವ ಕೂತಿದ್ದ ಕುರ್ಚಿ ಖಾಲಿಯಾದದ್ದನ್ನು ನೋಡಿ ಮಾವ ತಾವೇ ಅದರಲ್ಲಿ ಕುಸಿದರು. "ಆಯ್ತಪ್ಪ," ಎಂದರು. "ದೊಡ್ಡವರು ಹೇಳಿದ ಮೇಲೆ ಆಯ್ತು. ಬಿಡು ಪೀಪಾಯಿಯಲ್ಲಿ. ಇವತ್ತು ಊಟಕ್ಕೆ ಮನೆಗೆ ಬಾ." ಅಳಿಯ ಬಗ್ಗಿ ಭಾವನ ಕಾಲು ಮುಟ್ಟಲು ಹೋದ. ಭಾವ ಅಭ್ಯಾಸಬಲದಿಂದ ತಾವೂ ಬಗ್ಗಿ ಅವನ ಕಾಲಳತೆ ನೋಡಲು ಹೋದರು. ಇಬ್ಬರ ತಲೆಯೂ ಡಿಕ್ಕಿ ಹೊಡೆಯಿತು.

ವ್ಯಾನಿನಲ್ಲಿ ನಾನು ಭಾವನ ಕಿವಿಯಲ್ಲಿ ಪರೀಕ್ಷಕರ ಕಥೆ ಹೇಳಿದೆ. "ವಾಪಸ್ ಹೋಗೋಣ ಕಣಯ್ಯ," ಎಂದರು. ಮುಂದಿನ ಜಾಗಕ್ಕೆ ಉಳಿದವರೆಲ್ಲ ಹಣ ಕೊಟ್ಟಿದ್ದಾರೆ, ನಾನು ವಾಪಸ್ ತಿರುಗಿಸಲಾರೆ. "ಅಲ್ಲಿ ನೀವು ತುಟಿ ಬಿಚ್ಚಬೇಡಿ, ಸಾಕು," ಎಂದೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕೊನೆಯದು ಸೇಬಿನಮ್ಮನ ತೋಟ. ಹೆಸರು ಬೇರೆ ಏನೋ ಇದೆ, ಆದರೆ ಎಲ್ಲರೂ ಕರೆಯುವುದು ಹಾಗೆ. ಇಳಿಜಾರಿನಲ್ಲಿ ಸೇಬಿನ ಗಿಡಗಳು, ಕೆಳಗೆ ಕಲ್ಲಿನ ಉಗ್ರಾಣ, ಉಗ್ರಾಣದ ಉದ್ದಕ್ಕೂ ಪೀಪಾಯಿಗಳು. ಒಳಗೆ ತಂಪು, ನೆಲ ಸ್ವಲ್ಪ ಒದ್ದೆ. ದಂತವೈದ್ಯರ ಒದ್ದೆ ಕಲ್ಲು ಇದೇ ಇರಬಹುದು. ಸೇಬಿನಮ್ಮನ ಗಂಡ ಹೋದ ವರ್ಷ ತೀರಿಕೊಂಡರು. ಯಾವ ಪೀಪಾಯಿಯದನ್ನು ಯಾವುದಕ್ಕೆ ಎಷ್ಟು ಬೆರೆಸಬೇಕು ಅನ್ನುವುದು ಅವರ ಕೆಲಸವಾಗಿತ್ತು, ಈಕೆಯದು ಹಣ್ಣು ಕೀಳಿಸುವುದು, ಅರೆಯುವುದು. ಈ ವರ್ಷ ಮೊದಲ ಬಾರಿಗೆ ಬೆರಕೆಯೂ ಈಕೆಯದೇ.

ಅಲ್ಲಿ ಕುರ್ಚಿ ಇರಲಿಲ್ಲ, ನೀರು ಹೊಡೆದಿರಲಿಲ್ಲ. ಮೇಜಿನ ಮೇಲೆ ಎರಡು ಬಾಟಲಿ ಇದ್ದವು. ಒಂದು ಹೊಸದು. ಇನ್ನೊಂದರ ಮೇಲೆ ಧೂಳು.

"ನಂಗೆ ಪದಕ ಬೇಡ," ಎಂದರು ಸೇಬಿನಮ್ಮ, ನೇರ ಭಾವನಿಗೇ. "ನೀವು ಪರೀಕ್ಷಕರು ಅಂತ ಫೋನ್ ಬಂತು. ನೀವು ಅದನ್ನ ಹೇಳ್ಕೊಳ್ಳೋ ಹಾಗಿಲ್ಲ, ನಂಗೊತ್ತು. ನಂಗೆ ಒಂದೇ ಒಂದು ಮಾತು ಬೇಕು. ಇದು ನಾನು ಮಾಡಿದ್ದು. ಇದು ನಮ್ಮನೆಯವರು ಮಾಡಿದ್ರಲ್ಲಿ ಉಳಿದಿರೋ ಕೊನೇ ಬಾಟಲಿ. ಎರಡೂ ಒಂದೇ ಥರ ಇದೆಯಾ ಹೇಳಿ. ನಾನೇ ಕುಡಿದ್ರೆ ಎರಡೂ ಒಂದೇ ಅನ್ಸತ್ತೆ, ಹಾಗೇ ಇರ್ಲಿ ಅಂತ ಆಸೆ ನೋಡಿ. ಒಂದೇ ಅಲ್ಲ ಅಂದ್ರೆ ಇಲ್ಲಿಗೆ ನಿಲ್ಲಿಸ್ತೀನಿ. ಪೀಪಾಯಿ ಕೊಳ್ಳೋಕೆ ಬ್ರೂವರಿಯವರು ಕಾಯ್ತಿದಾರೆ."

ಹಾಗೆಂದು ಆಕೆ ಧೂಳಿನ ಬಾಟಲಿಯನ್ನು ಸೆರಗಿನಿಂದ ಒರೆಸಿ, ಬಿರಡೆಗೆ ತಿರುಪು ಚುಚ್ಚಿದರು. ಇಡೀ ಗುಡ್ಡದಲ್ಲಿ ಆ ಬಾಟಲಿಯನ್ನು ಯಾರಿಗೆ ಬಗ್ಗಿಸಿದರೂ ಸಾರ್ಥಕವಾದೀತು, ನಮ್ಮ ಭಾವನೊಬ್ಬರನ್ನು ಬಿಟ್ಟು. "ಒಂದೇ ಥರ ಇದೆ ಅಂದುಬಿಡಿ," ಎಂದು ನಾನು ಕಣ್ಣಲ್ಲೇ ಹೇಳಿದೆ. ದಿನವೂ ಫಸ್ಟ್ ಕ್ಲಾಸ್ ಅನ್ನುವ ಬಾಯಿಗೆ ಅದೇನು ಕಷ್ಟ?

ಭಾವ ತಟ್ಟನೆ ಮುಂದೆ ಬಗ್ಗಿ ಸೇಬಿನಮ್ಮನ ಕೈಯನ್ನು ಬಾಟಲಿಯ ಸಮೇತ ಹಿಡಿದುಕೊಂಡರು.

"ತೆಗೀಬೇಡಿ ತಾಯಿ!"

"ಯಾಕೆ?"

"ನಂಗೆ ಮೂಗಿಲ್ಲ."

ಉಗ್ರಾಣದಲ್ಲಿ ಎಲ್ಲರೂ ಅವರ ಮೂಗನ್ನು ನೋಡಿದರು. ಸಾಕಷ್ಟು ದೊಡ್ಡದೇ ಇತ್ತು.

"ಇದು ಕೆಲಸ ಮಾಡಲ್ಲ," ಎಂದರು ಭಾವ. "ಜ್ವರ ಬಂದಾಗಿಂದ ವಾಸನೆ ಇಲ್ಲ, ರುಚಿ ಇಲ್ಲ, ಏನೂ ಇಲ್ಲ. ನಾನು ಪರೀಕ್ಷಕನೂ ಅಲ್ಲ, ಗಿರೀಕ್ಷಕನೂ ಅಲ್ಲ. ಚಪ್ಪಲಿ ಮಾರೋನು. ಬಿಯರಲ್ಲಿ ಏನೂ ಬರ್ತಿಲ್ಲ ಅಂದಿದ್ದು ನಿಜವಾಗ್ಲೂ ಏನೂ ಬರ್ಲಿಲ್ಲ ಅಂತ. ಅವರು ಉಳಿಸಿಹೋಗಿದ್ದನ್ನ ನನ್ನ ಬಾಯಿಗೆ ಹಾಕಿದ್ರೆ ಮೋರಿಗೆ ಸುರಿದ ಹಾಗೆ. ಮುಚ್ಚಿಡಿ ತಾಯಿ." ಆಮೇಲೆ ಅವರಿಗೆ ಹಿಂದೆ ಯಾರು ನಿಂತಿದ್ದಾರೆಂಬುದು ನೆನಪಾಯಿತು. ನಿಧಾನವಾಗಿ ತಿರುಗಿದರು. ಮುಖ ನೋಡಲು ಧೈರ್ಯ ಸಾಲದೆ ಅಕ್ಕನ ಚಪ್ಪಲಿ ನೋಡುತ್ತಾ, "ನಿಂಗೆ ಹೇಳ್ಬೇಕು ಅಂತಿದ್ದೆ ಕಣೇ," ಎಂದರು.

"ನಂಗೊತ್ತು," ಎಂದಳು ಅಕ್ಕ.

"ಏನು ಗೊತ್ತು?"

"ಹೋದ ವರ್ಷಾನೇ ಗೊತ್ತು. ಒಂದಿನ ಸಾರಿಗೆ ಉಪ್ಪೇ ಹಾಕಿರ್ಲಿಲ್ಲ, ಮರೆತಿದ್ದೆ. ನೀವು ಫಸ್ಟ್ ಕ್ಲಾಸ್ ಅಂದ್ರಿ. ಜನ್ಮದಲ್ಲಿ ನೀವು ನಂಗೆ ಫಸ್ಟ್ ಕ್ಲಾಸ್ ಅಂದೋರಲ್ಲ. ಅವತ್ತು ಅಡುಗೆಮನೇಲಿ ಕೂತು ಅತ್ತೆ. ಆಮೇಲೆ ಯೋಚ್ನೆ ಮಾಡ್ದೆ, ನಾಲಿಗೆಗೆ ಗೊತ್ತಾಗದಿದ್ರೆ ಹಲ್ಲಿಗಾದ್ರೂ ಗೊತ್ತಾಗ್ಲಿ ಅಂತ."

ಬ್ರೆಡ್ಡಿನ ಚೂರು, ಗರಿಗರಿ ಈರುಳ್ಳಿ, ಹುರಿಗಡಲೆ, ಎಲ್ಲವೂ ಒಂದೊಂದಾಗಿ ನನಗೆ ಅರ್ಥವಾದವು. ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ. ಅಕ್ಕನ ಅಡುಗೆಯ ಮೇಲೆ ನನಗಿದ್ದ ದೂರೆಲ್ಲ ಅಲ್ಲೇ ಇಳಿದುಹೋಯಿತು.

"ಮತ್ತೆ ಇಲ್ಲಿಗೆ ಯಾಕೆ ಕರ್ಕೊಂಡ್ ಬಂದೆ?" ಎಂದರು ಭಾವ, ಪಾಪ.

"ಇವನ ವ್ಯಾನಲ್ಲಿ ಕೂತೋರೆಲ್ಲ ಆ ವಾಸನೆ ಬಂತು ಈ ವಾಸನೆ ಬಂತು ಅಂತಾರಂತೆ. ಇಷ್ಟರಲ್ಲಿ ಒಂದಾದ್ರೂ ನಿಮ್ಮ ಮೂಗಿಗೆ ಹತ್ತಬಹುದೇನೋ ಅಂತ."

"ನನಗೆ ಮೊದಲಿಂದ್ಲೂ ಅನುಮಾನ ಇತ್ತು," ಎಂದರು ದಂತವೈದ್ಯರು.

"ನೀವು ಸುಮ್ನಿರಿ ಡಾಕ್ಟ್ರೇ. ಹಾಕದೇ ಇರೋ ಕಿತ್ತಳೆ ಸಿಪ್ಪೆ ಕಂಡುಹಿಡಿದೋರು ನೀವು," ಎಂದು ಅಕ್ಕ ಕಣ್ಣೊರೆಸಿಕೊಂಡು, ಮೇಜಿನ ಬಳಿ ಹೋಗಿ, "ಅಮ್ಮಾ, ನಿಮ್ಮದನ್ನ ನಂಗೆ ಕೊಡಿ," ಎಂದಳು.

ಸೇಬಿನಮ್ಮ ಹೊಸ ಬಾಟಲಿಯಿಂದ ಬಗ್ಗಿಸಿದರು. ಅಕ್ಕ ಒಂದು ಗುಟುಕು ಕುಡಿದಳು, ಅವಳ ಜೀವಮಾನದ ಮೊದಲ ಗುಟುಕು. ಮುಖ ಕಿವುಚಿದಳು. ಇನ್ನೊಂದು ಕುಡಿದಳು. ಆಮೇಲೆ ಭಾವನ ಕಡೆ ತಿರುಗಿ, ಅಂಗಡಿಯಿಂದ ಬಂದವರಿಗೆ ಮನೆಯ ಸುದ್ದಿ ಹೇಳುವವಳಂತೆ ಹೇಳತೊಡಗಿದಳು.

"ಮೊದಲು ಸಿಹಿ ರೀ. ಬಾಯಿಗೆ ಬರ್ತಿದ್ದ ಹಾಗೇ ಉಪಚಾರ ಮಾಡತ್ತೆ. ನುಂಗಿದ್ಮೇಲೆ ಸಿಟ್ಟು ಬರತ್ತೆ ಅದಕ್ಕೆ, ಹುಳಿ ಆಗ್ಬಿಡತ್ತೆ. ಸೇಬಿನ ಸಿಪ್ಪೆ ಕಚ್ಚಿದ್ರೆ ಒಗರು ಅನ್ಸಲ್ವಾ, ಕೊನೇಲಿ ಅದೂ ಇದೆ. ವಾಸನೆ ಹೇಗಿದೆ ಗೊತ್ತಾ, ಹಣ್ಣಿನ ಬುಟ್ಟಿ ಖಾಲಿ ಮಾಡಿದ್ಮೇಲೆ ಬುಟ್ಟಿ ವಾಸನೆ ಇರತ್ತಲ್ಲ, ಹಾಗೆ."

ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸೇಬಿನಮ್ಮನೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಆಕೆಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು.

"ಹಾಗಾದ್ರೆ ಒಂದೇ ಅಲ್ಲ," ಎಂದರು. "ಅವರದ್ದು ಮೊದಲು ಸಿಟ್ಟು, ಆಮೇಲೆ ಸಿಹಿ. ಅವರ ಥರಾನೇ. ಇದು ಉಲ್ಟಾ."

"ನಿಮ್ಮ ಥರಾನಾ?" ಎಂದರು ಭಾವ.

ಸೇಬಿನಮ್ಮ ಸ್ವಲ್ಪ ಯೋಚಿಸಿದರು. "ನಮ್ಮನೆಯವರು ಹಾಗೇ ಅಂತಿದ್ರು," ಎಂದರು. ಆಮೇಲೆ ತಿರುಪನ್ನು ಬಿರಡೆಯಿಂದ ಹಿಂದಕ್ಕೆ ತೆಗೆದು, ಧೂಳಿನ ಬಾಟಲಿಯನ್ನು ಮೇಲಿನ ಗೂಡಿನಲ್ಲಿ ಇಟ್ಟರು. "ಬ್ರೂವರಿಯವರು ಪೀಪಾಯಿ ಬೇರೆ ಕಡೆ ನೋಡ್ಕೊಳ್ಲಿ. ಎಲ್ರೂ ಗ್ಲಾಸ್ ತಗೊಳಿ."

ಎಲ್ಲರೂ ಕುಡಿದರು, ನನ್ನನ್ನು ಬಿಟ್ಟು. ನಾನು ಹೊರಗೆ ಹೋಗಿ ವ್ಯಾನಿನ ಗಾಜು ಒರೆಸಿದೆ. ಒರೆಸುವಂಥ ಕೊಳೆಯೇನೂ ಅದರ ಮೇಲೆ ಇರಲಿಲ್ಲ, ಆದರೆ ನನಗೆ ಯಾಕೋ ಎಲ್ಲ ಮಂಜು ಮಂಜಾಗಿ ಕಾಣುತ್ತಿತ್ತು.

ಸುದ್ದಿ ಮತ್ತೆ ಫೋನಿನಲ್ಲಿ ಗುಡ್ಡ ಸುತ್ತಿತು. ಭಟ್ಟಿಯ ಮಾವ ಕೋಪಿಸಿಕೊಳ್ಳಬಹುದೆಂದು ಹೆದರಿದ್ದೆ. ಆದರೆ ಅಷ್ಟರಲ್ಲಿ ಅವರು ಅಳಿಯನೊಂದಿಗೆ ಊಟಕ್ಕೆ ಕೂತಾಗಿತ್ತು, ಮತ್ತೆ ಜಗಳ ಶುರುಮಾಡಲು ಬೇಜಾರಾಗಿ ಬಿಟ್ಟರಂತೆ. ಗಡ್ಡದ ಯಜಮಾನ ಮುಂದಿನ ವಾರ ಭಾವನ ಅಂಗಡಿಗೆ ಬಂದ. ಬಂದವನು ಎಡಗಾಲು ಕುಂಟುತ್ತಿದ್ದ. "ಮಂಡಿ," ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತು, ಹೊಸ ಬೂಟು ಹಾಕಿಸಿಕೊಂಡು ಹೋದ.

ಅವನು ಬಂದುಹೋದ ದಿನ ಸಂಜೆ ಅಕ್ಕ ನನ್ನನ್ನು ಊಟಕ್ಕೆ ಕರೆದಳು. ಹಲ್ಲಿಗೆ ಧೈರ್ಯ ಹೇಳಿ ಹೋದೆ. ಅಕ್ಕ ಬಡಿಸಿದಳು, ಆದರೆ ಹೇಗಿದೆ ಎಂದು ಕೇಳುತ್ತಾ ನಿಲ್ಲಲಿಲ್ಲ. ಭಾವನ ಪಕ್ಕದಲ್ಲಿ ಕೂತು, ಅವರ ತಟ್ಟೆಯಿಂದಲೇ ಮೊದಲ ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. ಭಾವ ಕೈ ಕಟ್ಟಿ ಕಾಯುತ್ತಿದ್ದರು.

"ಉಪ್ಪು ಸರಿಯಾಗಿದೆ," ಎಂದಳು. "ಹುಳಿ ಸ್ವಲ್ಪ ಮುಂದೆ. ಈರುಳ್ಳಿ ತಳ ಹಿಡಿದಿದೆ, ಇವನು ಬಾಗಿಲಲ್ಲಿ ನಿಂತು ಮಾತಾಡ್ಸಿದ್ದಕ್ಕೆ."

ಭಾವ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. "ಹೌದು," ಎಂದರು, "ತಳ ಹಿಡಿದಿದೆ."

ಅಕ್ಕನ ಕೈ ತಟ್ಟೆಯ ಮೇಲೆಯೇ ನಿಂತಿತು. "ಗೊತ್ತಾಯ್ತಾ?"

"ಇಲ್ಲ. ನೀನು ಹೇಳ್ದೆಯಲ್ಲ."

ನಾನೂ ಒಂದು ತುತ್ತು ತಿಂದು ನೋಡಿದೆ. ನಿಜವಾಗಿಯೂ ತಳ ಹಿಡಿದಿತ್ತು.